ಸ್ಟ್ರೋಕ್ ಆದವರಿಗೆ ಮೊದಲ ಗುಟುಕು ಕೊಡುವ ಮುನ್ನ: ನುಂಗುವ ಶಕ್ತಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಸ್ಟ್ರೋಕ್ ಆದವರನ್ನು ಆಸ್ಪತ್ರೆಗೆ ಕರೆತಂದಾಗ ಎಲ್ಲರ ಗಮನ ಕೈಕಾಲಿನ ಮೇಲಿರುತ್ತದೆ. ಕೈ ಎತ್ತುತ್ತಾರಾ, ಮಾತು ಬರುತ್ತಿದೆಯಾ, ಬಾಯಿ ಸೊಟ್ಟಗಾಗಿದೆಯಾ ಎಂದು ನೋಡುತ್ತೇವೆ. ಗಂಟಲಿನ ಒಳಗೆ ಏನಾಗಿದೆ ಅನ್ನೋದು ಹೊರಗೆ ಕಾಣುವುದಿಲ್ಲ. ಅಷ್ಟರಲ್ಲಿ ಯಾರೋ ಪ್ರೀತಿಯಿಂದಲೇ "ಬಾಯಿ ಒಣಗಿದೆ, ಒಂದು ಗುಟುಕು ನೀರು ಕುಡೀರಿ" ಎಂದು ಲೋಟ ಹಿಡಿಯುತ್ತಾರೆ. ಇನ್ಯಾರೋ ಬಿಪಿ ಮಾತ್ರೆಯ ಹೊತ್ತಾಯಿತೆಂದು ಮಾತ್ರೆ ಬಾಯಿಗೆ ಹಾಕುತ್ತಾರೆ.

ಆ ನೀರು, ಆ ಮಾತ್ರೆ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯಬಹುದು. ಹಾಗಾಗಿ ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು: ನುಂಗುವ ಪರೀಕ್ಷೆ ಆಗುವ ತನಕ ಬಾಯಿಗೆ ಏನೂ ಕೊಡಬೇಡಿ. ಊಟ ಬೇಡ, ನೀರು ಬೇಡ, ಮಾತ್ರೆಯೂ ಬೇಡ.

ಇದನ್ನು ಮುಖ್ಯವಾಗಿ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ರೋಗಿಯ ಪಕ್ಕ ಕೂರುವ ಮನೆಯವರೂ ಓದಲಿ, ಪ್ರತಿ ಹಂತ ಯಾಕೆ ಎಂದು ತಿಳಿದಿರಲಿ. ಆದರೆ ನೀರು ಕುಡಿಸಿ ನೋಡುವ ಪರೀಕ್ಷೆಯನ್ನು ತರಬೇತಿ ಪಡೆದವರೇ ಮಾಡಬೇಕು. ಮನೆಯವರು ಇದನ್ನು ಓದಿ ಸ್ವಂತವಾಗಿ ಮಾಡಿ ನೋಡುವುದು ಬೇಡ.

ಗಂಟಲಿಗೆ ಆಗುವುದೇನು?

ನುಂಗುವುದು ಸುಲಭದ ಕೆಲಸ ಅನ್ನಿಸುತ್ತದೆ. ದಿನಕ್ಕೆ ನೂರಾರು ಸಲ ಗೊತ್ತೇ ಆಗದ ಹಾಗೆ ಉಗುಳು ನುಂಗುತ್ತೇವೆ, ಅಲ್ವಾ? ಆದರೆ ಒಂದೊಂದು ಗುಟುಕಿಗೂ 30ಕ್ಕೂ ಹೆಚ್ಚು ಸ್ನಾಯುಗಳು ಸರಿಯಾದ ಸರದಿಯಲ್ಲಿ ಕೆಲಸ ಮಾಡಬೇಕು. ಗಂಟಲಿನಲ್ಲಿ ಗಾಳಿಗೂ ಆಹಾರಕ್ಕೂ ಸ್ವಲ್ಪ ದೂರ ಒಂದೇ ದಾರಿ. ನುಂಗುವ ಆ ಒಂದು ಕ್ಷಣ ಉಸಿರು ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲೆ ಮುಂದಕ್ಕೆ ಸರಿಯುತ್ತದೆ, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ, ಅನ್ನನಾಳದ ಬಾಯಿ ತೆರೆಯುತ್ತದೆ. ಇಷ್ಟೂ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ತುಟಿ, ನಾಲಿಗೆ, ಅಂಗುಳು, ಗಂಟಲನ್ನು ನಡೆಸುವುದು ಮಿದುಳಿನಿಂದ ನೇರ ಬರುವ 5, 7, 9, 10 ಮತ್ತು 12ನೇ ಕಪಾಲ ನರಗಳು.

ಸ್ಟ್ರೋಕ್ ಈ ಸರದಿಯನ್ನು ಕೆಡಿಸುತ್ತದೆ. ಕೆಲವರಿಗೆ ನುಂಗು ತಡವಾಗಿ ಶುರುವಾಗುತ್ತದೆ, ಅಷ್ಟರಲ್ಲಿ ನೀರು ಆಗಲೇ ಗಂಟಲಿಗೆ ಜಾರಿರುತ್ತದೆ. ಕೆಲವರಿಗೆ ನಾಲಿಗೆಗೆ ಬಲವಿಲ್ಲದೆ ತುತ್ತು ಕೆನ್ನೆಯಲ್ಲೇ ಉಳಿಯುತ್ತದೆ. ಮಿದುಳಿನ ಕಾಂಡದಲ್ಲಿ ಸ್ಟ್ರೋಕ್ ಆದರೆ ನುಂಗುವ ಕೇಂದ್ರಕ್ಕೇ ಪೆಟ್ಟು ಬೀಳಬಹುದು. ಅಂಥವರಿಗೆ ಕೈಕಾಲು ಚೆನ್ನಾಗಿದ್ದೂ ಒಂದು ಹನಿ ನೀರು ನುಂಗಲು ಆಗದೇ ಇರಬಹುದು. "ಕೈಕಾಲು ಆಡುತ್ತಿದೆ, ಏನೂ ತೊಂದರೆಯಿಲ್ಲ" ಎಂದು ತೀರ್ಮಾನಿಸಬಾರದು ಅನ್ನೋದು ಇದಕ್ಕೇ.

ಸ್ಟ್ರೋಕ್ ಆದ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನುಂಗುವ ತೊಂದರೆ ಇರುತ್ತದೆ. ಅಂಥವರಿಗೆ ನ್ಯುಮೋನಿಯಾ ಬರುವ ಸಾಧ್ಯತೆ ಉಳಿದವರಿಗಿಂತ ಮೂರು ಪಟ್ಟು ಜಾಸ್ತಿ. ಆಹಾರ ಶ್ವಾಸನಾಳಕ್ಕೆ ಇಳಿಯುತ್ತಿರುವುದು ಪರೀಕ್ಷೆಯಲ್ಲೇ ಕಂಡುಬಂದವರಲ್ಲಿ ಅದು ಹತ್ತು ಪಟ್ಟಿಗೂ ಮೀರಿದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ತಿಳಿದಿದೆ.

ಸಮಾಧಾನದ ವಿಷಯವೂ ಇದೆ. ನುಂಗುವ ಸ್ನಾಯುಗಳಿಗೆ ಮಿದುಳಿನ ಎಡ, ಬಲ ಎರಡೂ ಭಾಗಗಳಿಂದ ಆಜ್ಞೆ ಬರುತ್ತದೆ. ಒಂದು ಕಡೆ ಪೆಟ್ಟಾದರೆ ಇನ್ನೊಂದು ಕಡೆ ನಿಧಾನಕ್ಕೆ ಆ ಕೆಲಸ ವಹಿಸಿಕೊಳ್ಳುತ್ತದೆ. ಹೀಗಾಗಿ ಬಹಳಷ್ಟು ಜನರು ಕೆಲವು ವಾರಗಳಲ್ಲಿ ಮತ್ತೆ ಚೆನ್ನಾಗಿ ನುಂಗುತ್ತಾರೆ. ಆ ಕೆಲವು ವಾರ ಶ್ವಾಸಕೋಶವನ್ನು ಕಾಪಾಡಿಕೊಳ್ಳಬೇಕು, ಅಷ್ಟೇ.

ನರ್ಸ್‌ಗಳ ಕೈಯಲ್ಲಿ ಎಷ್ಟು ಶಕ್ತಿಯಿದೆ ಎನ್ನುವುದಕ್ಕೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಸ್ಟ್ರೋಕ್ ಘಟಕಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಅಲ್ಲಿ ಹೊಸ ಔಷಧಿ ಏನೂ ಕೊಡಲಿಲ್ಲ. ಜ್ವರ, ಸಕ್ಕರೆ ಮತ್ತು ನುಂಗುವಿಕೆ ಈ ಮೂರನ್ನು ಅವುಗಳಲ್ಲಿ ಕೆಲವು ಘಟಕಗಳ ನರ್ಸ್‌ಗಳು ಒಂದು ಪದ್ಧತಿಯಂತೆ ನೋಡಿಕೊಂಡರು. 90 ದಿನಗಳ ನಂತರ ಸಾವು ಅಥವಾ ಪರಾವಲಂಬನೆ ಆ ಘಟಕಗಳಲ್ಲಿ 42%, ಉಳಿದ ಕಡೆ 58%. ಇಷ್ಟು ದೊಡ್ಡ ಅಂತರ ತರುವ ಸರಳ ಕೆಲಸಗಳು ವೈದ್ಯಕೀಯದಲ್ಲಿ ಕಡಿಮೆ.

ಹಂತ 1: ಬಾಯಿಗೆ ಏನೂ ಹೋಗದಂತೆ ತಡೆಯಿರಿ

ರೋಗಿ ಬಂದ ಕೂಡಲೇ ಹಾಸಿಗೆಯ ತಲೆಯ ಕಡೆ "ಬಾಯಿಗೆ ಏನೂ ಕೊಡಬೇಡಿ" ಎಂಬ ಬೋರ್ಡ್ ಹಾಕಿ. ಕೇಸ್ ಶೀಟಿನಲ್ಲೂ ಬರೆಯಿರಿ. ಪಕ್ಕದ ಮೇಜಿನ ಮೇಲಿನ ನೀರಿನ ಬಾಟಲಿ ಎತ್ತಿಡಿ. ಮನೆಯವರಿಗೆ ಸುಮ್ನೆ "ಕೊಡಬೇಡಿ" ಎಂದರೆ ಸಾಲದು, ಕಾರಣ ಹೇಳಿ. "ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು, ಪರೀಕ್ಷೆ ಮಾಡಿ ನಾವೇ ಹೇಳುತ್ತೇವೆ" ಎಂದರೆ ಕೇಳುತ್ತಾರೆ. ಪಾಳಿ ಬದಲಾಗುವಾಗ ಈ ಮಾತು ತಪ್ಪದೇ ಮುಂದಿನವರಿಗೆ ದಾಟಬೇಕು.

ಹಾಗಂತ ಪರೀಕ್ಷೆಯನ್ನು ನಾಳೆಗೆ ತಳ್ಳುವಂತಿಲ್ಲ. ಬ್ರಿಟನ್ನಿನ ಮಾರ್ಗಸೂಚಿ ಪ್ರಕಾರ ಆಸ್ಪತ್ರೆಗೆ ಬಂದ 4 ಗಂಟೆಯೊಳಗೆ ಇದು ಆಗಬೇಕು. ತಡವಾದಷ್ಟೂ ರೋಗಿಗೆ ಬಾಯಾರಿಕೆ, ಔಷಧಿಗೂ ತಡ. ತುರ್ತು ಔಷಧಿಗಳನ್ನು ರಕ್ತನಾಳದ ಮೂಲಕ ಅಥವಾ ಬೇರೆ ದಾರಿಯಲ್ಲಿ ಕೊಡಬಹುದೇ ಎಂದು ವೈದ್ಯರನ್ನು ಆಗಲೇ ಕೇಳಿಡಿ.

ಹಂತ 2: ಈಗ ಪರೀಕ್ಷೆ ಮಾಡಬಹುದಾ?

ಇವುಗಳಲ್ಲಿ ಯಾವುದಾದರೂ ಇದ್ದರೆ ನೀರಿನ ಪರೀಕ್ಷೆ ಈಗ ಬೇಡ:

- ಎಚ್ಚರ ನಿಲ್ಲುತ್ತಿಲ್ಲ. ಕರೆದಾಗ ಕಣ್ಣು ಬಿಟ್ಟು ಮತ್ತೆ ಮಂಪರಿಗೆ ಜಾರುತ್ತಾರೆ
- ತಲೆಯ ಭಾಗವನ್ನು 30 ಡಿಗ್ರಿಗಿಂತ ಮೇಲೆ ಎತ್ತಬಾರದು ಎಂದು ವೈದ್ಯರು ಹೇಳಿದ್ದಾರೆ
- ಕತ್ತಿನಲ್ಲಿ ಟ್ರೆಕಿಯಾಸ್ಟಮಿ ಟ್ಯೂಬ್ (ಉಸಿರಾಡಲು ಶ್ವಾಸನಾಳಕ್ಕೆ ರಂಧ್ರ ಮಾಡಿ ಹಾಕಿದ ಕೊಳವೆ) ಇದೆ
- ಮೊದಲಿನಿಂದಲೇ ನುಂಗುವ ತೊಂದರೆ ಇದ್ದು ಗಟ್ಟಿ ಮಾಡಿದ ದ್ರವವನ್ನೇ ಕುಡಿಯುತ್ತಿದ್ದರು
- ಬೇರೆ ಕಾರಣಕ್ಕೆ ಬಾಯಿಗೆ ಏನೂ ಬೇಡ ಎಂಬ ಆದೇಶವಿದೆ
- ಉಸಿರಾಟ ತುಂಬಾ ವೇಗವಾಗಿದೆ, ಅಥವಾ ಕಫ ಗೊರಗುಟ್ಟುತ್ತಿದೆ

ಮೊದಲ ಅಂಶ ಎಲ್ಲಕ್ಕಿಂತ ದೊಡ್ಡದು. ಕನಿಷ್ಠ 15 ನಿಮಿಷ ಎಚ್ಚರವಾಗಿ ಕೂರಬಲ್ಲರೇ ನೋಡಿ. ಮಂಪರಿನಲ್ಲಿರುವವರನ್ನು ತಟ್ಟಿ ಎಬ್ಬಿಸಿ ಬಾಯಿಗೆ ನೀರು ಬಿಡುವುದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ಎರಡು ಗಂಟೆ ಬಿಟ್ಟು ಮತ್ತೆ ಬಂದು ನೋಡಿ. ಈಗ ಪರೀಕ್ಷೆ ಸಾಧ್ಯವಾಗಲಿಲ್ಲ ಅನ್ನೋದನ್ನೂ ಸಮಯದ ಸಮೇತ ಬರೆಯಿರಿ. ಟ್ರೆಕಿಯಾಸ್ಟಮಿ ಇದ್ದವರನ್ನು, ಮೊದಲಿನಿಂದ ತೊಂದರೆ ಇದ್ದವರನ್ನು ನೇರವಾಗಿ ಸ್ಪೀಚ್ ಥೆರಪಿಸ್ಟ್ (ಮಾತು ಮತ್ತು ನುಂಗುವಿಕೆಯ ತಜ್ಞರು) ಬಳಿಗೆ ಕಳಿಸಬೇಕು. ವೆಂಟಿಲೇಟರ್ ಟ್ಯೂಬ್ ಆಗಷ್ಟೇ ತೆಗೆದವರ ಗಂಟಲು ಸೂಕ್ಷ್ಮವಾಗಿರುತ್ತದೆ, ಅವರ ವಿಷಯದಲ್ಲಿ ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಹಂತ 3: ತಯಾರಿ

ಬೇಕಾಗುವುದು ಬಹಳವಿಲ್ಲ: ಕೈಗವಸು, ಟಾರ್ಚ್, ಒಂದು ಟೀ ಚಮಚ, ಅಳತೆಯ ಲೋಟ, ಸಾದಾ ನೀರು, ಒರೆಸುವ ಬಟ್ಟೆ, ಬೆರಳಿಗೆ ಹಾಕುವ ಆಕ್ಸಿಮೀಟರ್. ಬಾಯಿ, ಗಂಟಲಿನಲ್ಲಿ ನಿಂತದ್ದನ್ನು ಎಳೆದು ತೆಗೆಯುವ ಸಕ್ಷನ್ ಯಂತ್ರ ಪಕ್ಕದಲ್ಲಿರಬೇಕು. ಸುಮ್ನೆ ಇದ್ದರೆ ಸಾಲದು, ಸ್ವಿಚ್ ಹಾಕಿ ಎಳೆಯುತ್ತಿದೆಯಾ ಎಂದು ನೋಡಿಕೊಳ್ಳಿ.

ರೋಗಿಯನ್ನು ಆದಷ್ಟು ನೇರವಾಗಿ ಕೂರಿಸಿ. ಸೊಂಟ ಹಾಸಿಗೆ ಮಡಿಯುವ ಜಾಗದಲ್ಲೇ ಇರಬೇಕು, ಇಲ್ಲವಾದರೆ ಎರಡೇ ನಿಮಿಷದಲ್ಲಿ ಕೆಳಗೆ ಜಾರುತ್ತಾರೆ. ಬಲವಿಲ್ಲದ ಕೈಯ ಕೆಳಗೆ ದಿಂಬು ಕೊಡಿ. ತಲೆ ಹಿಂದಕ್ಕೆ ವಾಲಬಾರದು. ಕತ್ತು ಹಿಂದಕ್ಕೆ ಬಾಗಿದರೆ ಶ್ವಾಸನಾಳ ಇನ್ನಷ್ಟು ತೆರೆದುಕೊಳ್ಳುತ್ತದೆ. ನೀವು ನಿಂತು ಕೊಟ್ಟರೆ ಅವರು ತಲೆ ಎತ್ತಿ ನೋಡುತ್ತಾರೆ, ಹಾಗಾಗಿ ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಟಿವಿ ಆರಿಸಿ. ಮಾತನಾಡಿಸುವವರು ಐದು ನಿಮಿಷ ಸುಮ್ಮನಿರಲಿ.

ಆಮೇಲೆ ಬಾಯಿ ಶುಚಿ. ಇದನ್ನು ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ. ನೀರು ತಪ್ಪಿ ಶ್ವಾಸಕೋಶಕ್ಕೆ ಇಳಿದಾಗ ಅದರ ಜೊತೆ ಬಾಯಲ್ಲಿರುವ ಕೀಟಾಣುಗಳೂ ಇಳಿಯುತ್ತವೆ. ನ್ಯುಮೋನಿಯಾಕ್ಕೆ ಮುಖ್ಯ ಕಾರಣ ಅವೇ. ಹಲ್ಲು, ನಾಲಿಗೆ, ಅಂಗುಳು, ಕೆನ್ನೆಯ ಒಳಭಾಗ ಎಲ್ಲವನ್ನೂ ಒರೆಸಿ. ಕಟ್ಟಿಸಿದ ಹಲ್ಲು ಇದ್ದರೆ ತೊಳೆದು, ಸರಿಯಾಗಿ ಕೂರುತ್ತದೆ ಎಂದಾದರೆ ಮಾತ್ರ ಹಾಕಿ. ಒಣಗಿದ ಬಾಯಿ ಒದ್ದೆಯಾದರೆ ನುಂಗಲೂ ಸುಲಭ.

ಹಂತ 4: ನೀರು ಮುಟ್ಟುವ ಮುಂಚೆ ನೋಡಬೇಕಾದದ್ದು

ನನ್ನ ಪ್ರಕಾರ ಇಡೀ ಪರೀಕ್ಷೆಯಲ್ಲಿ ಹೆಚ್ಚು ಕಲಿಸುವ ಹಂತ ಇದು. ಅವಸರ ಮಾಡದೆ ನೋಡಿ.

ಮೊದಲು ಮಾತನಾಡಿಸಿ. ಹೆಸರೇನು, ಈಗ ಎಲ್ಲಿದ್ದೀರಿ, ಯಾವ ವರ್ಷ ಎಂದು ಕೇಳಿ. ಉತ್ತರ ತಪ್ಪಿದರೆ ಪರೀಕ್ಷೆ ಅಲ್ಲಿಗೇ ಫೇಲ್ ಅಲ್ಲ. ಆದರೆ ಗೊಂದಲದಲ್ಲಿರುವವರು ಒಂದೇ ಸಲ ಲೋಟ ಎತ್ತಿ ಸುರಿದುಕೊಳ್ಳಬಹುದು ಎಂದು ನೀವು ಎಚ್ಚರದಿಂದಿರಬೇಕು. ಸ್ಟ್ರೋಕಿನಿಂದ ಮಾತು ಹೋದವರಿಗೆ ಪ್ರಶ್ನೆ ಅರ್ಥವಾಗದೇ ಇರಬಹುದು. ಅವರಿಗೆ ಬಾಯಲ್ಲಿ ಹೇಳುವ ಬದಲು ನೀವೇ ಮಾಡಿ ತೋರಿಸಿ: ನೀವು ನಾಲಿಗೆ ಚಾಚಿ, ನೀವು ಕೆಮ್ಮಿ. ಅರ್ಥವಾಗದೆ ಮಾಡದಿರುವುದು ಬೇರೆ, ಸ್ನಾಯುವಿಗೆ ಶಕ್ತಿಯಿಲ್ಲದೆ ಮಾಡಲಾಗದಿರುವುದು ಬೇರೆ. ಈ ಎರಡನ್ನು ಬೆರೆಸಿದರೆ ತೀರ್ಮಾನವೂ ತಪ್ಪುತ್ತದೆ.

ಮಾತಿನ ಜೊತೆಗೇ ದನಿ ಕೇಳಿಸಿಕೊಳ್ಳಿ. "ಆ..." ಎಂದು ಎಳೆದು ಹೇಳಿಸಿ. ದನಿ ಸ್ಪಷ್ಟವಾಗಿದೆಯಾ, ಗಂಟಲಲ್ಲಿ ನೀರು ನಿಂತಂತೆ ಗೊಳಗೊಳ ಎನ್ನುತ್ತಿದೆಯಾ? ಈ ದನಿಯನ್ನು ನೆನಪಿಟ್ಟುಕೊಳ್ಳಿ. ನೀರು ಕುಡಿದ ಮೇಲಿನ ದನಿಯನ್ನು ಇದಕ್ಕೆ ಹೋಲಿಸಬೇಕು.

ನಂತರ ಮುಖ. ನಗಲು ಹೇಳಿ, ತುಟಿ ಬಿಗಿಯಾಗಿ ಮುಚ್ಚಲು ಹೇಳಿ, ನಾಲಿಗೆ ಚಾಚಿ ಎಡಬಲ ಆಡಿಸಲು ಹೇಳಿ. ನಾಲಿಗೆ ಒಂದೇ ಕಡೆಗೆ ವಾಲುತ್ತದೆಯಾ? ಬಾಯಿ ತೆರೆಸಿ ಟಾರ್ಚ್ ಬಿಟ್ಟು, "ಆ" ಎಂದಾಗ ಅಂಗುಳು ಎರಡೂ ಕಡೆ ಸಮನಾಗಿ ಮೇಲೇಳುತ್ತದೆಯಾ ನೋಡಿ. ಬಾಯಿಯ ಒಂದು ಮೂಲೆಯಿಂದ ಜೊಲ್ಲು ಸುರಿಯುತ್ತಿದ್ದರೆ ಉಗುಳನ್ನೇ ನಿಭಾಯಿಸಲು ಆಗುತ್ತಿಲ್ಲ ಎಂದರ್ಥ.

ಕೆಮ್ಮು ಪರೀಕ್ಷಿಸಿ. "ಅಮ್ಮ, ಒಂದು ಸಲ ಜೋರಾಗಿ ಕೆಮ್ಮಿ ನೋಡೋಣ" ಎನ್ನಿ, ಎರಡು ಸಲ ಕೆಮ್ಮಿಸಿ. ಗಂಟಲು ಸರಿಪಡಿಸಿಕೊಳ್ಳುವ ಕೆಮ್ಮಿನಲ್ಲಿ ಬಲ ಇರಬೇಕು. ಬಲವಿಲ್ಲದ ಕೆಮ್ಮು ತಪ್ಪಿ ಇಳಿದದ್ದನ್ನು ಹೊರಗೆ ತಳ್ಳಲಾರದು.

ಕೊನೆಗೆ ಬರೀ ಉಗುಳು ನುಂಗಿಸಿ. ಆಗ ನಿಮ್ಮ ಬೆರಳುಗಳನ್ನು ಗಂಟಲಿನ ಮುಂದೆ ಉಬ್ಬಿರುವ ಗಟ್ಟಿ ಭಾಗದ ಮೇಲೆ ಹಗುರವಾಗಿ ಇಟ್ಟಿರಿ. ನುಂಗಿದಾಗ ಅದು ಚುರುಕಾಗಿ ಮೇಲೇರಿ ಇಳಿಯಬೇಕು. ಏರುವುದೇ ಇಲ್ಲ, ಅಥವಾ ಹೇಳಿ ಬಹಳ ಹೊತ್ತಾದ ಮೇಲೆ ಏರುತ್ತದೆ ಎಂದರೆ ಅಲ್ಲಿಗೇ ನಿಲ್ಲಿಸಿ.

ಇಲ್ಲೊಂದು ಹಳೇ ಅಭ್ಯಾಸದ ಬಗ್ಗೆ ಹೇಳಲೇಬೇಕು. ಗಂಟಲ ಹಿಂಭಾಗಕ್ಕೆ ಕಡ್ಡಿ ಮುಟ್ಟಿಸಿ ಓಕರಿಕೆ ಬಂದರೆ "ಸರಿ, ಊಟ ಕೊಡಿ" ಎನ್ನುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ದಯವಿಟ್ಟು ಬಿಡಿ. ಯಾವ ಕಾಯಿಲೆಯೂ ಇಲ್ಲದ ಎಷ್ಟೋ ಜನರಿಗೆ ಓಕರಿಕೆ ಬರುವುದಿಲ್ಲ, ಆದರೂ ಚೆನ್ನಾಗಿ ನುಂಗುತ್ತಾರೆ. ಓಕರಿಕೆ ಬರುವ ರೋಗಿಗೂ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಓಕರಿಕೆ ನುಂಗುವ ಶಕ್ತಿಯ ಅಳತೆ ಅಲ್ಲ.

ಹಂತ 5: ಚಮಚದಲ್ಲಿ ನೀರು

ಹಿಂದಿನ ಹಂತ ಸರಿಯಾಗಿ ಮುಗಿದಿದ್ದರೆ ಒಂದು ಟೀ ಚಮಚ ನೀರು ಕೊಡಿ. ಸುಮಾರು 5 ಮಿ.ಲೀ. ಚಮಚವನ್ನು ಮೇಲಿನಿಂದ ಸುರಿಯಬೇಡಿ. ಬಾಯಿಯ ನೇರಕ್ಕೆ ತಂದು, ತುಟಿಯಿಂದ ಅವರೇ ತೆಗೆದುಕೊಳ್ಳಲಿ. ನುಂಗಲು ಹೇಳಿ, ಗಂಟಲಿನ ಮೇಲೆ ಬೆರಳಿಟ್ಟು ಗಮನಿಸಿ, ನುಂಗಿದ ಮೇಲೆ "ಆ" ಹೇಳಿಸಿ. ತೊಂದರೆ ಕಾಣದಿದ್ದರೆ ಇನ್ನೊಂದೆರಡು ಚಮಚ, ಪ್ರತಿ ಸಲ ಬಿಡುವು ಕೊಟ್ಟು. ಎಷ್ಟು ಚಮಚ ಎನ್ನುವುದು ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗುತ್ತದೆ. ಟೊರಾಂಟೊದಲ್ಲಿ ರೂಪಿಸಿದ ಹಾಸಿಗೆ ಪಕ್ಕದ ಪರೀಕ್ಷೆಯಲ್ಲಿ 10 ಚಮಚ ಕೊಟ್ಟ ಮೇಲಷ್ಟೇ ಲೋಟಕ್ಕೆ ಹೋಗುತ್ತಾರೆ. ನಿಮ್ಮ ಆಸ್ಪತ್ರೆ ಒಪ್ಪಿಕೊಂಡ ಪ್ರೊಟೊಕಾಲ್ ಯಾವುದೋ ಅದನ್ನೇ ಅನುಸರಿಸಿ. ಒಂದರ ಅರ್ಧ, ಇನ್ನೊಂದರ ಅರ್ಧ ಸೇರಿಸಬೇಡಿ.

ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು: ಕೆಮ್ಮು, ಪದೇ ಪದೇ ಗಂಟಲು ಸರಿಪಡಿಸಿಕೊಳ್ಳುವುದು, ಗೊಳಗೊಳ ದನಿ, ಉಸಿರು ಏರುವುದು, ಬಾಯಿಂದ ನೀರು ಹೊರಗೆ ಸೋರುವುದು, ಮುಖದ ಬಣ್ಣ ಬದಲಾಗುವುದು, ಕಣ್ಣಲ್ಲಿ ನೀರು ತುಂಬುವುದು. ಒಂದು ಕಾಣಿಸಿದರೂ ಸಾಕು. "ನೆತ್ತಿಗೆ ಹತ್ತಿತು ಅಷ್ಟೇ, ಇನ್ನೊಂದು ಸಲ ನೋಡೋಣ" ಎಂದು ಮುಂದುವರಿಸಬೇಡಿ.

ಆಕ್ಸಿಮೀಟರ್ ಬಗ್ಗೆಯೂ ಒಂದು ಮಾತು. ಆಮ್ಲಜನಕದ ಮಟ್ಟ ಇಳಿದರೆ ಗಂಭೀರವಾಗಿ ತೆಗೆದುಕೊಳ್ಳಿ. ಇಳಿಯಲಿಲ್ಲ ಎಂಬ ಕಾರಣಕ್ಕೆ ಮಾತ್ರ ಪಾಸ್ ಮಾಡಬೇಡಿ. ನೀರು ಒಳಗಿಳಿದರೂ ಎಷ್ಟೋ ಸಲ ಅಂಕಿ ಅಲುಗಾಡುವುದಿಲ್ಲ.

ಹಂತ 6: 90 ಮಿ.ಲೀ. ನೀರು

ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆ ಇದು. ಲೋಟದಲ್ಲಿ 90 ಮಿ.ಲೀ. ನೀರು ಅಳೆದು ಕೊಟ್ಟು, ನಿಲ್ಲಿಸದೆ ನಿಧಾನವಾಗಿ ಪೂರ್ತಿ ಕುಡಿಯಲು ಹೇಳುತ್ತಾರೆ. ಲೋಟ ಅಥವಾ ಸ್ಟ್ರಾ, ಎರಡೂ ಆಗುತ್ತದೆ. ಕೈಗೆ ಬಲವಿಲ್ಲದಿದ್ದರೆ ನೀವು ಹಿಡಿಯಬಹುದು, ಆದರೆ ಬಾಯಿಗೆ ಸುರಿಯುವ ಹಾಗಿಲ್ಲ.

ಪೂರ್ತಿ ಕುಡಿದು, ನಡುವೆ ನಿಲ್ಲಿಸದೆ, ಕೆಮ್ಮದೆ ಮುಗಿಸಿದರೆ ಪಾಸ್. ನಿಲ್ಲಿಸಿ ನಿಲ್ಲಿಸಿ ಕುಡಿದರೆ, ಮುಗಿಸಲಾಗದಿದ್ದರೆ, ಕುಡಿಯುವಾಗ ಅಥವಾ ಕುಡಿದ ತಕ್ಷಣ ಕೆಮ್ಮಿದರೆ ಫೇಲ್. ಒಂದು ನಿಮಿಷ ಪೂರ್ತಿ ಕಾಯಿರಿ, ತಡವಾದ ಕೆಮ್ಮನ್ನು ತಪ್ಪಿಸಿಕೊಳ್ಳಬೇಡಿ. ಮತ್ತೆ "ಆ" ಹೇಳಿಸಿ ದನಿ ಹೋಲಿಸಿ.

"ಇಷ್ಟೊಂದು ನೀರು ಒಂದೇ ಸಲ ಕೊಡುವುದು ಅಪಾಯ ಅಲ್ವಾ?" ಎಂದು ತುಂಬಾ ಜನ ಕೇಳುತ್ತಾರೆ. ಪ್ರಮಾಣ ದೊಡ್ಡದಾಗಿರುವುದಕ್ಕೆ ಕಾರಣವಿದೆ. ಒಂದು ಹನಿ ತಪ್ಪಿ ಇಳಿದರೆ ಗಂಟಲಿನ ಅರಿವು ಕುಗ್ಗಿರುವವರಿಗೆ ಕೆಮ್ಮೇ ಬಾರದಿರಬಹುದು. ಜಾಸ್ತಿ ನೀರು ಇಳಿದರೆ ಕೆಮ್ಮು ಬರುವ ಸಾಧ್ಯತೆ ಹೆಚ್ಚು, ತೊಂದರೆ ಬಯಲಾಗುತ್ತದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇರೆ ಬೇರೆ ಕಾಯಿಲೆಯ 3,000 ರೋಗಿಗಳ ಗಂಟಲನ್ನು ಕ್ಯಾಮೆರಾದಿಂದಲೂ ನೋಡಿ, ಈ ನೀರಿನ ಪರೀಕ್ಷೆಯನ್ನೂ ಮಾಡಿದರು. ನೀರು ಶ್ವಾಸನಾಳಕ್ಕೆ ಇಳಿಯುತ್ತಿದ್ದವರಲ್ಲಿ 96.5% ಜನರನ್ನು ಪರೀಕ್ಷೆ ಹಿಡಿಯಿತು. ಆದರೆ ನೀರು ಇಳಿಯದವರಲ್ಲೂ ಅರ್ಧದಷ್ಟು ಜನ ಫೇಲಾದರು.

ಇದರ ಅರ್ಥವನ್ನು ಮನೆಯವರಿಗೆ ಬಿಡಿಸಿ ಹೇಳಿ. ಪಾಸಾದರೆ ಬಹುಮಟ್ಟಿಗೆ ನಂಬಬಹುದು. ಫೇಲಾದರೆ "ಇವರು ಇನ್ನು ನುಂಗುವುದಿಲ್ಲ" ಎಂದಲ್ಲ, "ತಿಳಿದವರು ಒಮ್ಮೆ ಸರಿಯಾಗಿ ನೋಡಬೇಕು" ಎಂದಷ್ಟೇ.

ಇನ್ನೊಂದು ದಾರಿ: ಮೆತ್ತಗಿನದರಿಂದ ಶುರು ಮಾಡುವ ಪರೀಕ್ಷೆ

ಆಸ್ಟ್ರಿಯಾದಲ್ಲಿ ರೂಪುಗೊಂಡು 2007ರಲ್ಲಿ ಪ್ರಕಟವಾದ ಗುಗ್ಗಿಂಗ್ ಪರೀಕ್ಷೆ ಬೇರೆ ಕ್ರಮ ಹಿಡಿಯುತ್ತದೆ. ಸ್ಟ್ರೋಕ್ ಆದವರಿಗೆ ತೆಳು ನೀರಿಗಿಂತ ಗಟ್ಟಿ ದ್ರವ ನುಂಗುವುದು ಸಾಮಾನ್ಯವಾಗಿ ಸುಲಭ. ಅದು ನಿಧಾನಕ್ಕೆ ಜಾರುವುದರಿಂದ ಗಂಟಲಿಗೆ ಮುಚ್ಚಿಕೊಳ್ಳಲು ಸಮಯ ಸಿಗುತ್ತದೆ. ಹಾಗಾಗಿ ಇಲ್ಲಿ ಮೊದಲು ಉಗುಳು, ಆಮೇಲೆ ಅರ್ಧ ಟೀ ಚಮಚದಷ್ಟು ಗಟ್ಟಿ ಮಾಡಿದ ನೀರು, ನಂತರ ತೆಳು ನೀರು 3, 5, 10, 20 ಮತ್ತು 50 ಮಿ.ಲೀ., ಕೊನೆಗೆ ಒಣ ಬ್ರೆಡ್ಡಿನ ಚೂರು.

ನಾಲ್ಕು ಭಾಗಕ್ಕೂ 5 ಅಂಕ, ಒಟ್ಟು 20. ಒಂದು ಭಾಗದಲ್ಲಿ ಪೂರ್ತಿ 5 ಬರದಿದ್ದರೆ ಮುಂದಿನದಕ್ಕೆ ಹೋಗುವಂತಿಲ್ಲ. 20 ಬಂದರೆ ತೊಂದರೆಯಿಲ್ಲ, 15ರಿಂದ 19 ಬಂದರೆ ಸ್ವಲ್ಪ ತೊಂದರೆ, 10ರಿಂದ 14 ಮಧ್ಯಮ, 9 ಮತ್ತು ಅದಕ್ಕಿಂತ ಕಡಿಮೆ ಎಂದರೆ ತೀವ್ರ. ನೀರಿನ ಪರೀಕ್ಷೆ ಬರೀ ಹೌದು ಅಥವಾ ಇಲ್ಲ ಎನ್ನುತ್ತದೆ. ಇದು ಯಾವ ತರಹದ ಆಹಾರ ಕೊಡಬಹುದು ಎಂಬ ಸುಳಿವನ್ನೂ ಕೊಡುತ್ತದೆ. ಸಮಯ ಜಾಸ್ತಿ ಬೇಕು. ಸ್ಪೀಚ್ ಥೆರಪಿಸ್ಟ್ ಸುಲಭವಾಗಿ ಸಿಗದ ಕಡೆ ನಾನು ಇದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಪಾಸಾದ ಮೇಲೆ

ಪಾಸಾದರು ಎಂದು ತಟ್ಟೆ ಕೊಟ್ಟು ಹೊರಟುಬಿಡಬೇಡಿ. ಮೊದಲ ಊಟದ ಹೊತ್ತಿಗೆ ಪಕ್ಕದಲ್ಲಿ ಕುಳಿತಿರಿ. ಚಿಕ್ಕ ತುತ್ತು, ಒಂದು ನುಂಗಿದ ಮೇಲೆ ಇನ್ನೊಂದು. ಬಾಯಲ್ಲಿ ತುತ್ತಿರುವಾಗ ಮಾತನಾಡಿಸಬೇಡಿ. ಊಟ ಮುಗಿದ ಮೇಲೆ ಟಾರ್ಚ್ ಬಿಟ್ಟು ಕೆನ್ನೆಯ ಒಳಗೆ ನೋಡಿ, ಅದರಲ್ಲೂ ಬಲವಿಲ್ಲದ ಕಡೆ. ಅಲ್ಲಿ ಉಳಿದ ಚೂರು ಅವರಿಗೆ ಗೊತ್ತೇ ಆಗುವುದಿಲ್ಲ, ಮಲಗಿದ ಮೇಲೆ ಗಂಟಲಿಗೆ ಜಾರುತ್ತದೆ. ಊಟದ ನಂತರ ಅರ್ಧ ಗಂಟೆಯಾದರೂ ನೇರವಾಗಿ ಕುಳಿತಿರಲಿ.

ಫೇಲಾದ ಮೇಲೆ

ಬಾಯಿಗೆ ಏನೂ ಕೊಡಬಾರದು ಎಂಬುದು ಮುಂದುವರಿಯಲಿ. ವೈದ್ಯರಿಗೆ ಕೂಡಲೇ ತಿಳಿಸಿ, ಸ್ಪೀಚ್ ಥೆರಪಿಸ್ಟ್‌ಗೆ ಹೇಳಿಕಳಿಸಿ. ಅವರ ಪೂರ್ಣ ಪರೀಕ್ಷೆ 24 ಗಂಟೆಯೊಳಗೆ ಆಗುವುದು ಒಳ್ಳೆಯದು, 72 ಗಂಟೆ ಮೀರಬಾರದು. ಅಗತ್ಯವಿದ್ದರೆ ಅವರು ಎರಡು ಪರೀಕ್ಷೆಗಳಲ್ಲಿ ಒಂದನ್ನು ಮಾಡಿಸುತ್ತಾರೆ: ಬೇರಿಯಂ ಬೆರೆಸಿದ್ದನ್ನು ನುಂಗಿಸಿ ತೆಗೆಯುವ ಎಕ್ಸ್‌ರೇ ವಿಡಿಯೊ, ಇಲ್ಲವೇ ಮೂಗಿನಿಂದ ತೆಳು ಕ್ಯಾಮೆರಾ ಇಳಿಸಿ ಗಂಟಲನ್ನು ನೋಡುವುದು. ಒಳಗೆ ನಿಜವಾಗಿ ಏನಾಗುತ್ತಿದೆ ಎಂದು ಕಣ್ಣಾರೆ ಕಾಣುವುದು ಇವುಗಳಲ್ಲಿ ಮಾತ್ರ.

ಅಷ್ಟರವರೆಗೆ ನೀರಿನಂಶ ರಕ್ತನಾಳದ ಮೂಲಕ. ನುಂಗಲು ಆಗುವ ಲಕ್ಷಣ ಇಲ್ಲದಿದ್ದರೆ ಮೂಗಿನ ಟ್ಯೂಬಿನ ಮೂಲಕ ಆಹಾರ ಶುರು ಮಾಡುತ್ತಾರೆ; ಸ್ಟ್ರೋಕ್ ಆದ 7 ದಿನದೊಳಗೆ ಹೇಗಾದರೂ ಹೊಟ್ಟೆಗೆ ಆಹಾರ ಸಿಗಲು ಶುರುವಾಗಬೇಕು ಎಂಬುದು ಮಾರ್ಗಸೂಚಿ. ಎರಡು ಮೂರು ವಾರ ದಾಟಿದರೂ ನುಂಗು ಬರದಿದ್ದರೆ ಹೊಟ್ಟೆಗೆ ನೇರವಾಗಿ ಹಾಕುವ ಟ್ಯೂಬಿನ ಮಾತು ಬರುತ್ತದೆ. ಟ್ಯೂಬ್ ಎಂದಾಕ್ಷಣ ಮನೆಯವರು ಕಂಗಾಲಾಗುತ್ತಾರೆ. ಬಹಳ ಸಲ ಇದು ಕೆಲವೇ ದಿನದ ಆಸರೆ ಎಂದು ಅವರಿಗೆ ಹೇಳಿ. ಟ್ಯೂಬ್ ಇದ್ದರೂ ಉಗುಳು ಮತ್ತು ಹೊಟ್ಟೆಯಿಂದ ಮೇಲೆ ಬರುವ ಆಹಾರ ಶ್ವಾಸನಾಳಕ್ಕೆ ಇಳಿಯಬಹುದು. ಹಾಗಾಗಿ ತಲೆಯ ಭಾಗ 30 ಡಿಗ್ರಿಗಿಂತ ಕೆಳಗೆ ಇರಬಾರದು, ಬಾಯಿ ಶುಚಿ ದಿನವೂ ನಡೆಯಬೇಕು.

ಮಾತ್ರೆಗಳನ್ನು ಪುಡಿ ಮಾಡಿ ಟ್ಯೂಬಿಗೆ ಹಾಕುವ ಮುಂಚೆ ಫಾರ್ಮಸಿಸ್ಟ್‌ರನ್ನು ಕೇಳಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ಹೊಟ್ಟೆಯಲ್ಲಿ ಕರಗದಂತೆ ಪದರ ಹಚ್ಚಿದ ಮಾತ್ರೆ, ಇವನ್ನು ಪುಡಿ ಮಾಡಬಾರದು.

ಗಟ್ಟಿ ಮಾಡಿದ ದ್ರವದ ವಿಷಯ. "ನೀರು ಕೆಮ್ಮು ತರಿಸಿತು, ಪೌಡರ್ ಹಾಕಿ ಗಟ್ಟಿ ಮಾಡಿ ಕೊಡೋಣ" ಎಂದು ಸ್ವಂತ ನಿರ್ಧಾರ ಬೇಡ. ಗಟ್ಟಿಯಾದದ್ದು ಗಂಟಲಲ್ಲಿ ಉಳಿದುಕೊಳ್ಳಬಹುದು. ರುಚಿ ಹಿಡಿಸದೆ ಜನ ಕಡಿಮೆ ಕುಡಿಯುತ್ತಾರೆ, ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ಥೆರಪಿಸ್ಟ್ ಹೇಳಿದರೆ ಅವರು ಹೇಳಿದ ಮಟ್ಟಕ್ಕೇ ಮಾಡಿ. ಜಗತ್ತಿನ ಹಲವು ಕಡೆ ಈಗ ಬಳಸುವ, ಆಹಾರ ಮತ್ತು ಪಾನೀಯ ಎಷ್ಟು ಗಟ್ಟಿ ಎಂದು ಗುರುತಿಸುವ ಇಡ್ಸಿ (IDDSI) ಪಟ್ಟಿಯಲ್ಲಿ ಪಾನೀಯಕ್ಕೆ 0ಯಿಂದ 4ರವರೆಗೆ ಮಟ್ಟಗಳಿವೆ. ಅಳೆಯಲು 10 ಮಿ.ಲೀ. ಸಿರಿಂಜ್ ಸಾಕು. ಆದರೆ 0ಯಿಂದ 10ರ ಗುರುತಿನವರೆಗೆ 61.5 ಮಿ.ಮೀ. ಉದ್ದವಿರುವ ಸಿರಿಂಜೇ ಆಗಬೇಕು. ಒಳಗಿನ ಕಡ್ಡಿ ತೆಗೆದು, ಕೆಳಗೆ ಬೆರಳಿಟ್ಟು 10 ಮಿ.ಲೀ. ತುಂಬಿ, ಬೆರಳು ಬಿಟ್ಟು 10 ಸೆಕೆಂಡಿಗೆ ಮತ್ತೆ ಮುಚ್ಚಿ. ಉಳಿದದ್ದು 1 ಮಿ.ಲೀ.ಗಿಂತ ಕಡಿಮೆ ಇದ್ದರೆ ಮಟ್ಟ 0, 1ರಿಂದ 4 ಇದ್ದರೆ ಮಟ್ಟ 1, 4ರಿಂದ 8 ಇದ್ದರೆ ಮಟ್ಟ 2, 8ಕ್ಕಿಂತ ಹೆಚ್ಚು ಉಳಿದು ಸ್ವಲ್ಪ ಮಾತ್ರ ಹರಿದಿದ್ದರೆ ಮಟ್ಟ 3. ಒಂದು ಹನಿಯೂ ಇಳಿಯದಿದ್ದರೆ ಮಟ್ಟ 4.

ಕೆಮ್ಮಿಲ್ಲದ ಅಪಾಯ

ಶ್ವಾಸನಾಳಕ್ಕೆ ನೀರು ಇಳಿದರೂ ಕೆಮ್ಮೇ ಬಾರದಿರುವುದು ಸ್ಟ್ರೋಕ್ ಆದವರಲ್ಲಿ ಅಪರೂಪವಲ್ಲ. ಗಂಟಲಿಗೆ ಅರಿವೇ ಇರುವುದಿಲ್ಲ, ಹಾಗಾಗಿ ಮೈ ಎಚ್ಚರಿಕೆ ಕೊಡುವುದಿಲ್ಲ. ಹಾಸಿಗೆ ಪಕ್ಕದ ಯಾವ ಪರೀಕ್ಷೆಯೂ ಇದನ್ನು ಪೂರ್ತಿಯಾಗಿ ಹಿಡಿಯಲಾರದು. ಆದ್ದರಿಂದ ಪಾಸಾದವರ ಮೇಲೂ ಕಣ್ಣಿಡಬೇಕು. ಮೊದಲ 72 ಗಂಟೆ 4 ಗಂಟೆಗೊಮ್ಮೆ ಜ್ವರ ನೋಡಿ. ಉಸಿರಾಟದ ವೇಗ ಏರಿದರೆ, ಕಫ ಜಾಸ್ತಿಯಾದರೆ, ಊಟದ ನಂತರ ದನಿ ಗೊಳಗೊಳ ಎಂದರೆ, ಕಾರಣವಿಲ್ಲದೆ ಸುಸ್ತಾದರೆ ಬಾಯಿಯ ಆಹಾರ ನಿಲ್ಲಿಸಿ ವೈದ್ಯರನ್ನು ಕರೆಯಿರಿ.

ಮತ್ತೆ ಯಾವಾಗ ಪರೀಕ್ಷೆ?

ಫೇಲಾದವರನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಮತ್ತೆ ನೋಡುತ್ತಾರೆ, ಆಮೇಲೆ ಸ್ಥಿತಿ ಸುಧಾರಿಸಿದಂತೆ ಪದೇ ಪದೇ. ಪಾಸಾದವರಿಗೂ ಎಚ್ಚರ ಕಡಿಮೆಯಾದರೆ, ಮಾತು ಇನ್ನಷ್ಟು ತೊದಲಿದರೆ, ಹೊಸದಾಗಿ ಸ್ಟ್ರೋಕ್ ಆದರೆ, ನಿದ್ದೆ ಬರಿಸುವ ಔಷಧಿ ಕೊಟ್ಟಿದ್ದರೆ ಹಳೆಯ ಫಲಿತಾಂಶ ಲೆಕ್ಕಕ್ಕಿಲ್ಲ. ಮೊದಲಿನಿಂದ ಶುರು ಮಾಡಿ.

ಪ್ರತಿ ಸಲ ಬರೆಯಬೇಕಾದದ್ದು: ದಿನಾಂಕ, ಸಮಯ, ಯಾವ ಪರೀಕ್ಷೆ, ಎಷ್ಟು ನೀರು, ಏನು ಕಂಡಿತು, ತೀರ್ಮಾನ, ಯಾರಿಗೆ ತಿಳಿಸಿದಿರಿ. "ನುಂಗುವಿಕೆ ಸರಿ ಇದೆ" ಎಂಬ ಒಂದು ಸಾಲು ಮುಂದಿನ ಪಾಳಿಯವರಿಗೆ ಏನೂ ಹೇಳುವುದಿಲ್ಲ. "90 ಮಿ.ಲೀ. ನಿಲ್ಲಿಸದೆ ಕುಡಿದರು, ಕೆಮ್ಮಿಲ್ಲ, ದನಿ ಬದಲಾಗಿಲ್ಲ" ಎಂದರೆ ಎಲ್ಲವೂ ಗೊತ್ತಾಗುತ್ತದೆ.

ಮನೆಗೆ ಹೋಗುವಾಗ

ಮನೆಯವರಿಗೆ ಬರೆದುಕೊಡಿ: ಯಾವ ತರಹದ ಆಹಾರ, ಎಷ್ಟು ಗಟ್ಟಿ ದ್ರವ, ಹೇಗೆ ಕೂರಿಸಬೇಕು, ಮತ್ತೆ ಯಾವಾಗ ತೋರಿಸಬೇಕು. ಬಾಯಲ್ಲಿ ಹೇಳಿದ್ದು ಆ ಗಡಿಬಿಡಿಯಲ್ಲಿ ನೆನಪಿರುವುದಿಲ್ಲ. ಬಿಡುಗಡೆಗೆ ಮುಂಚೆ ಒಂದು ಊಟವನ್ನು ಅವರ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ನೋಡಿ.

ಉಸಿರು ಕಟ್ಟಿದರೆ ಏನು ಮಾಡಬೇಕು ಅನ್ನೋದನ್ನೂ ಆಗಲೇ ಕಲಿಸಿ. ಕೆಮ್ಮುತ್ತಿದ್ದರೆ ಮುಂದಕ್ಕೆ ಬಾಗಿಸಿ ಕೆಮ್ಮಲು ಬಿಡಿ, ನೀರು ಕುಡಿಸಬೇಡಿ. ಕೆಮ್ಮಲೂ ಮಾತನಾಡಲೂ ಆಗದೆ ಮುಖ ನೀಲಿಯಾಗುತ್ತಿದ್ದರೆ ಆಂಬುಲೆನ್ಸ್‌ಗೆ ಕರೆ ಮಾಡಲು ಒಬ್ಬರಿಗೆ ಹೇಳಿ, ಮುಂದಕ್ಕೆ ಬಾಗಿಸಿ ಬೆನ್ನಿನ ಮೇಲೆ ಹೆಗಲ ಮೂಳೆಗಳ ನಡುವೆ ಅಂಗೈಯಿಂದ 5 ಬಲವಾದ ಪೆಟ್ಟು ಕೊಡಿ. ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಸಿಕ್ಕಿಕೊಂಡದ್ದು ಹೊರಬರುವ ತನಕ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಸಿಪಿಆರ್ (ಎದೆ ಒತ್ತುವ ತುರ್ತು ಚಿಕಿತ್ಸೆ) ಶುರು ಮಾಡಿ. ಹೊಟ್ಟೆ ಒತ್ತಿದವರಿಗೆ ಒಳಗೆ ಪೆಟ್ಟಾಗಿರಬಹುದು, ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ದು ತೋರಿಸಬೇಕು.